ಪೆಡಲುಗಳ ಸಾಲಿನ ಚರಿತ್ರೆ

ನಮ್ಮ ಯರಗೇರಾ ಕಡೆ ತತ್ವಪದ ಹಾಡುವವರ ಏಕತಾರಿಯಲ್ಲಿ ತಂತಿಗೂ ಕಿವಿಗೂ ನಡುವೆ ಇರುವುದು ಒಂದು ಸೋರೆ ಬುರುಡೆ ಮಾತ್ರ. ಎಲೆಕ್ಟ್ರಿಕ್ ಗಿಟಾರಿನ ದನಿಯಾದರೋ ಕೇಬಲ್ಲು, ಪೆಡಲುಗಳ ಸಾಲು ದಾಟಿ ಸ್ಪೀಕರ್ ತಲುಪಬೇಕು. ಆ ಸಾಲಿಗೂ ಒಂದು ಚರಿತ್ರೆಯಿದೆ.

1962ರಲ್ಲಿ ಬಂದ ಮ್ಯಾಸ್ಟ್ರೋ ಫಜ್-ಟೋನ್ ದನಿಯನ್ನು ಬೇಕೆಂದೇ ಒಡೆಯುವ ಪೆಡಲು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡು ಅದನ್ನು ಮನೆಮಾತಾಗಿಸಿತು. 1966ರ ಫಜ್ ಫೇಸ್ ಚೆನ್ನಾಗಿ ನುಡಿಯುತ್ತಿದ್ದುದು ಗಿಟಾರಿಗೆ ನೇರವಾಗಿ ಜೋಡಿಸಿದಾಗ. ಹಾಗಾಗಿ ಫಜ್‌ಗೆ ಸಾಲಿನ ಮೊದಲ ಜಾಗ. ಪ್ರತಿಧ್ವನಿ ಕೊಡುವ ಡಿಲೇ ಕೊನೆಗೆ ಹೋಯಿತು. ಅದನ್ನು ಮೊದಲೇ ಇಟ್ಟರೆ ಪ್ರತಿಧ್ವನಿಗಳೂ ಒಡೆದು ಕಲಸಿಹೋಗುತ್ತವೆ.

ಸಾಲು ಬೆಳೆದಂತೆ ಕೇಬಲ್ಲೂ ಉದ್ದವಾಯಿತು. ಅದರ ಕೆಪಾಸಿಟೆನ್ಸ್ ತಂತಿಯ ಚೂಪು ನಾದವನ್ನು ನುಂಗತೊಡಗಿತು. ಫಜ್ ಆದಮೇಲೆ, ಸಿಗ್ನಲ್ಲಿನ ಬಣ್ಣ ಬದಲಿಸದೆ ಮುಂದಕ್ಕೆ ದಾಟಿಸುವ ಒಂದು ಬಫರ್ ಇಟ್ಟರೆ ಮುಂದಿನ ಕೇಬಲ್ಲಿನ ನಷ್ಟ ಬಹಳಷ್ಟು ತಪ್ಪುತ್ತದೆ.

ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನೊಂದಿಗೆ ವೇದಿಕೆಗೆ ತಂದ ಮೇಲೆ ಈ ಲೆಕ್ಕಾಚಾರ ಕನ್ನಡದ್ದೂ ಆಗಿದೆ. ಗಿಟಾರು ಕಲಸಿದರೆ ಮೊದಲು ಮುಚ್ಚಿಹೋಗುವುದು ಪದದ ಮಾತು. ಮಾತು ಕೇಳಿಸದ ತತ್ವಪದ ಬರೀ ಸದ್ದು.