ಮನೆಯ ಸಂಗೀತಕ್ಕೆ ವಾಲ್ವೋ, ಟ್ರಾನ್ಸಿಸ್ಟರೋ?

ತಿರುಮಕೂಡಲು ಚೌಡಯ್ಯನವರ ಪಿಟೀಲಿಗೆ ಏಳು ತಂತಿಗಳಿದ್ದವೆಂಬುದು ಸಂಗೀತ ಬಲ್ಲವರಿಗೆಲ್ಲ ತಿಳಿದ ವಿಷಯ. ಅವು ಏಕಿದ್ದವು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಟಿ. ನರಸೀಪುರದ ಮಗ್ಗುಲಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನವರಾದ ಚೌಡಯ್ಯನವರು ಕಛೇರಿಗಳಿಗೆ ಕೂರಲಾರಂಭಿಸಿದಾಗ ಮೈಕು ಬಳಕೆಗೆ ಬಂದಿರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ, ಇದ್ದ ತಂತಿಗಳ ಜೊತೆಯಲ್ಲೇ ಅವುಗಳ ಕೆಳಗಿನ ಸ್ಥಾಯಿಗೆ ಶ್ರುತಿ ಮಾಡಿದ ಇನ್ನೂ ಮೂರು ತಂತಿ. ಕಮಾನು ಎಳೆದರೆ ಸ್ವರವೂ ಅದರ ಕೆಳಸ್ಥಾಯಿಯೂ ಒಟ್ಟಿಗೆ ನುಡಿಯುತ್ತಿದ್ದವು. ನಾದ ದೊಡ್ಡದಾಯಿತು, ತುಂಬಿಯೂ ಬಂತು.

ಇದನ್ನು ವಿದ್ಯುತ್ತಿಲ್ಲದ ಆಂಪ್ಲಿಫೈಯರ್ ಎಂದರೆ ಭೌತಶಾಸ್ತ್ರದ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ. ಆದರೆ ಮನೆಯಲ್ಲಿ ಸಂಗೀತ ಕೇಳಲು ವಾಲ್ವ್ ಒಳ್ಳೆಯದೋ ಟ್ರಾನ್ಸಿಸ್ಟರ್ ಒಳ್ಳೆಯದೋ ಎಂಬ ಮುಗಿಯದ ತಕರಾರಿನ ತಿರುಳು ಈ ಪಿಟೀಲಿನಲ್ಲೇ ಇದೆ. ನಾದವನ್ನು ಇದ್ದ ಹಾಗೆಯೇ ದೊಡ್ಡದು ಮಾಡುವುದು ಒಂದು ಕೆಲಸ. ದೊಡ್ಡದು ಮಾಡುತ್ತಲೇ ಏನನ್ನೋ ಸೇರಿಸಿ ಇಂಪು ಮಾಡುವುದು ಬೇರೆಯೇ ಕೆಲಸ.

1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ವಾಲ್ವನ್ನು ರೂಪಿಸಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಒಂದು ಜಾಲರಿ ಸೇರಿಸಿದರು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹರಿಯುತ್ತವೆ. ಜಾಲರಿಗೆ ಕೊಟ್ಟ ಅತ್ಯಲ್ಪ ವಿದ್ಯುತ್ತು ಆ ಹರಿವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ನಾಲೆಯ ತೂಬಿದ್ದ ಹಾಗೆ. ಹಲಗೆ ಎತ್ತಲು ಒಬ್ಬನ ಕೈ ಸಾಕು, ಹರಿಯುವುದು ಊರ ಗದ್ದೆಗೆಲ್ಲ ಸಾಲುವ ನೀರು. 1935ರ ಸೆಪ್ಟೆಂಬರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದಾಗ, ಕಳಿಸುವ ಯಂತ್ರವೂ ಕೇಳುವ ಪೆಟ್ಟಿಗೆಯೂ ಎರಡೂ ವಾಲ್ವಿನವೇ. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ.

ವಾಲ್ವಿಗೆ ವಿದ್ಯುತ್ತು ಧಾರಾಳವಾಗಿ ಬೇಕು. ಟಿ. ನರಸೀಪುರ ದಾಟಿದ ಕಾವೇರಿ ತಲಕಾಡಿನ ಪಕ್ಕದಲ್ಲಿ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿತು. ಹೋದದ್ದು ಮಾತ್ರ ಕೋಲಾರದ ಚಿನ್ನದ ಗಣಿಗೆ. ಹೊಳೆಯ ದಡದ ಹಳ್ಳಿಗಳು ಬಹುಕಾಲ ಕಾಯಬೇಕಾಯಿತು. ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಸಿದ್ಧವಾಗಿತ್ತು. ಕಾಯಿಸಬೇಕಾದ ತಂತಿಯಿಲ್ಲ, ಗಾಜಿಲ್ಲ, ನೂರಾರು ವೋಲ್ಟಿನ ಗೊಡವೆಯಿಲ್ಲ.

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿದ್ದು 1961ರಲ್ಲಿ. ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಸರದಿ 1962ರಲ್ಲಿ. ಹೊರದೇಶಗಳಲ್ಲಿ ನಲವತ್ತು ವರ್ಷಗಳ ಅಂತರದಲ್ಲಿ ಬಂದ ಎರಡು ವಿದ್ಯೆಗಳು ನಮ್ಮಲ್ಲಿ ಒಂದೇ ಕಾರ್ಖಾನೆಯಿಂದ ಒಂದು ವರ್ಷದ ಅಂತರದಲ್ಲಿ ಹೊರಬಂದವು. ವಾಲ್ವು ಇಲ್ಲಿ ಹಳತಾಗುವ ಮುನ್ನವೇ ಅದರ ಉತ್ತರಾಧಿಕಾರಿ ಬಾಗಿಲಲ್ಲಿ ನಿಂತಿತ್ತು.

ಹಾಗಾಗಿ ನಂಜನಗೂಡಿನಂಥ ಊರುಗಳಲ್ಲಿ ಇವೆರಡರ ನಡುವಿನ ತೀರ್ಮಾನ ಕಿವಿಯಿಂದ ಆದದ್ದಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ಜನಸಾಗರಕ್ಕೆ ಕೂಗಿ ಹೇಳಬೇಕು, ಮದುವೆಯ ಚಪ್ಪರದಲ್ಲಿ ನಾಗಸ್ವರ ಬೀದಿಯ ತುದಿಗೆ ಕೇಳಬೇಕು. ಮೈಕ್ ಸೆಟ್ಟಿನವನ ಚಿಂತೆಯೇ ಬೇರೆ: ಭಾರ, ಕರೆಂಟು, ಒಡೆಯುವ ಗಾಜು. ವಾಲ್ವ್ ಸೆಟ್ಟಿನೊಳಗೆ ಕಬ್ಬಿಣದ ಎರಡು ಟ್ರಾನ್ಸ್‌ಫಾರ್ಮರು, ಒಂದು ವೋಲ್ಟೇಜು ಏರಿಸಲು, ಇನ್ನೊಂದು ವಾಲ್ವನ್ನು ಸ್ಪೀಕರಿಗೆ ಹೊಂದಿಸಲು. ಟ್ರಾನ್ಸಿಸ್ಟರಿನ ಸೆಟ್ಟಾದರೋ ಲಾರಿಯ 12 ವೋಲ್ಟಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಕರೆಂಟಿಲ್ಲದ ಹೊಳೆದಂಡೆಯಲ್ಲೂ ಕೂಗುತ್ತದೆ. ಟಿ. ನರಸೀಪುರದಲ್ಲಿ ಮೊದಲ ಕುಂಭಮೇಳ ನಡೆದ 1989ರ ಹೊತ್ತಿಗೆ ಸಾರ್ವಜನಿಕ ಧ್ವನಿವರ್ಧಕದಲ್ಲಿ ವಾಲ್ವಿನ ಕಾಲ ಮುಗಿದಿತ್ತು.

ಮನೆಯ ಮಾತು ಬೇರೆ. ಇಲ್ಲಿ ಕಿವಿಗೆ ಪುರಸೊತ್ತಿದೆ.

ಯಾವ ಆಂಪ್ಲಿಫೈಯರೂ ಕೊಟ್ಟದ್ದನ್ನು ಅಕ್ಷರಶಃ ಹಿಂದಿರುಗಿಸುವುದಿಲ್ಲ, ಒಂದಿಷ್ಟು ತನ್ನದನ್ನು ಬೆರೆಸುತ್ತದೆ. ಸೆಕೆಂಡಿಗೆ 200 ಕಂಪನದ ಷಡ್ಜವನ್ನು ಕೊಟ್ಟೆವೆನ್ನಿ. ಸರಳವಾದ ವಾಲ್ವ್ ಜೋಡಣೆ ಹೆಚ್ಚಾಗಿ ಬೆರೆಸುವುದು 400ನ್ನು. ಅದು ಮೇಲಿನ ಸ್ಥಾಯಿಯ ಷಡ್ಜವೇ. ಚೌಡಯ್ಯನವರು ಕೆಳಗಿನದನ್ನು ಸೇರಿಸಿದರೆ ಇದು ಮೇಲಿನದನ್ನು ಸೇರಿಸುತ್ತದೆ. ಎರಡೂ ಶ್ರುತಿಗೆ ವಿರೋಧವಲ್ಲ. 600 ಬೆರೆತರೆ ಪಂಚಮ, ಅದೂ ಸರಿ. ಆದರೆ 1400, ಅಂದರೆ ಏಳನೆಯದು, ನಮ್ಮ ಯಾವ ಸ್ವರಸ್ಥಾನದಲ್ಲೂ ನೆಟ್ಟಗೆ ಕೂರುವುದಿಲ್ಲ. ಕಿವಿಗೆ ಒರಟೆನಿಸುವುದು ಇಂಥವು. ಶಕ್ತಿ ಮೀರಿ ದುಡಿಸಿದಾಗ ಟ್ರಾನ್ಸಿಸ್ಟರ್ ಅಲೆಯ ತಲೆಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಕತ್ತರಿಸುತ್ತದೆ. ಈ ಒರಟು ಸ್ವರಗಳು ಆಗ ಧಾರಾಳವಾಗಿ ಹುಟ್ಟುತ್ತವೆ. ವಾಲ್ವು ಸಾಮಾನ್ಯವಾಗಿ ಅದೇ ತಲೆಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ.

ಟ್ರಾನ್ಸಿಸ್ಟರಿನ ಧ್ವನಿ ‘ಒಣ ಧ್ವನಿ’ ಎಂಬ ಅಪಖ್ಯಾತಿಗೆ ಚರಿತ್ರೆಯ ಕಾರಣವೂ ಉಂಟು. 1960ರ ದಶಕದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಸೆಕೆಯನ್ನು ತಾಳುತ್ತಿರಲಿಲ್ಲ. ಅಲೆಯ ಮೇಲರ್ಧವನ್ನು ಒಂದು, ಕೆಳಗಿನರ್ಧವನ್ನು ಇನ್ನೊಂದು ಹೊತ್ತು ಸಾಗಿಸುವ ಜೋಡಣೆಯಲ್ಲಿ, ಹೊರೆ ಕೈ ಬದಲಿಸುವ ಕ್ಷಣದಲ್ಲಿ ಎಡವುತ್ತಿದ್ದವು. ಈ ಎಡವು ಮೆಲುದನಿಯಲ್ಲೇ ಹೆಚ್ಚು ಕೇಳಿಸುತ್ತದೆ. ವೀಣೆಯ ಮೀಟು ಕರಗುವ ಕಡೆಯಲ್ಲಿ, ತಂಬೂರಿಯಲ್ಲಿ. ಸಿಲಿಕಾನ್ ಟ್ರಾನ್ಸಿಸ್ಟರು ಮತ್ತು ಸುಧಾರಿತ ಜೋಡಣೆಗಳು ಬಂದ ಮೇಲೆ ಈ ದೋಷ ಬಹುತೇಕ ಹೋಯಿತು. ಕೆಟ್ಟ ಹೆಸರು ಮಾತ್ರ ಉಳಿಯಿತು.

1978ರಲ್ಲಿ ಜೇಮ್ಸ್ ಮಾಯಿರ್ ಎಂಬ ಇಂಗ್ಲಿಷ್ ಇಂಜಿನಿಯರು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಬರೆದರು. ಕ್ವಾಡ್ ಕಂಪನಿಯ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದು, ಅದೇ ಕಂಪನಿಯ ಟ್ರಾನ್ಸಿಸ್ಟರಿನವು ಎರಡು. ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಿದಾಗ, ಪಳಗಿದ ಕಿವಿಗಳಿಗೂ ಅವನ್ನು ಗುರುತಿಸಲು ಆಗಲಿಲ್ಲ. ಮೂರನ್ನೂ ಅವುಗಳ ಶಕ್ತಿಯ ಮಿತಿಯೊಳಗೇ ದುಡಿಸಲಾಗಿತ್ತು ಎಂಬುದನ್ನು ಗಮನಿಸಬೇಕು. ಚೆನ್ನಾಗಿ ಮಾಡಿದ ಎರಡು ಯಂತ್ರಗಳ ನಡುವಿನ ಅಂತರ, ಚೆನ್ನಾಗಿ ಮಾಡಿದ್ದಕ್ಕೂ ಕೆಟ್ಟದಾಗಿ ಮಾಡಿದ್ದಕ್ಕೂ ಇರುವ ಅಂತರಕ್ಕಿಂತ ಚಿಕ್ಕದು. ‘ವಾಲ್ವಿನ ಇಂಪು’ ಎಂದು ನಾವು ಮೆಚ್ಚುವುದು ಬಹುಮಟ್ಟಿಗೆ ಸರಳ ಜೋಡಣೆಯ, ಸಣ್ಣ ಶಕ್ತಿಯ ಸೆಟ್ಟುಗಳು ಬೆರೆಸುವ ಆ ಮೇಲಿನ ಸ್ಥಾಯಿಯನ್ನೇ ಎಂದು ನನ್ನ ಅಭಿಪ್ರಾಯ. ಅದನ್ನು ಮೆಚ್ಚುವುದು ತಪ್ಪಲ್ಲ. ಅದೇ ನಿಜದ ನಾದವೆಂದು ವಾದಿಸುವುದು ತಪ್ಪು.

ಈಗ ಲೆಕ್ಕ ನೋಡೋಣ. ಎರಡೂ ಸ್ಪೀಕರಿಗೆ ಸೇರಿ ನಾಲ್ಕು ಇಎಲ್ 84 ವಾಲ್ವುಗಳ ಸಾಮಾನ್ಯ ಸ್ಟೀರಿಯೋ ಸೆಟ್ಟು ಎಂದುಕೊಳ್ಳಿ. ಒಂದೊಂದರ ಕಾವಿನ ತಂತಿಗೆ 6.3 ವೋಲ್ಟಿನಲ್ಲಿ 0.76 ಆಂಪಿಯರ್ ಬೇಕು. ಬರೀ ಕಾಯಿಸುವುದಕ್ಕೇ ಸುಮಾರು 19 ವಾಟ್. ಉಳಿದದ್ದು ಸೇರಿ, ಹಾಡು ಇರಲಿ ಬಿಡಲಿ, ಹಳೆಯ ಕಾಲದ 100 ವಾಟಿನ ಬಲ್ಬು ಉರಿದಷ್ಟು ಖರ್ಚು. ಸ್ಪೀಕರಿಗೆ ಸಿಗುವುದು ಒಂದೊಂದಕ್ಕೆ ಹತ್ತು ಹದಿನೈದು ವಾಟ್. ಇಷ್ಟೇ ಸಾಕೇ ಎಂದರೆ, ಹದಿನೈದಡಿಯ ಹಜಾರದಲ್ಲಿ ಗಾಯನ ಕೇಳಲು ಸಾಧಾರಣವಾಗಿ ಒಂದೆರಡು ವಾಟ್ ಸಾಕು. ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಡಬ್ಬದ ಮೇಲೆ ಬರೆದ ಸಾವಿರ ವಾಟಿಗೆ ಮರುಳಾಗುವುದು ಬೇಡ.

ಇನ್ನು ವೋಲ್ಟೇಜು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ 230 ಇರಬೇಕಾದದ್ದು 180ಕ್ಕೆ ಇಳಿದರೆ, ವಾಲ್ವಿನ ಕಾವಿನ ತಂತಿಗೆ ಸಿಗುವುದು ಐದು ವೋಲ್ಟಿಗಿಂತ ಕಡಿಮೆ. ಹಾಗೆ ದಿನವೂ ಅರೆಗಾವಿನಲ್ಲಿ ದುಡಿದ ವಾಲ್ವಿಗೆ ಆಯುಸ್ಸಿಲ್ಲ. ಒಳ್ಳೆಯ ಸ್ಟೆಬಿಲೈಸರ್ ಕೊಳ್ಳದೆ ವಾಲ್ವ್ ಸೆಟ್ಟು ಕೊಳ್ಳಬಾರದು. ಬದಲಿ ವಾಲ್ವುಗಳು ಸ್ಲೊವಾಕಿಯ, ರಷ್ಯಾ, ಚೀನಾಗಳಿಂದ ಬರಬೇಕು. ಜಾಲಹಳ್ಳಿಯ ಹಳೆಯ ಸರಕನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕುವವರೂ ಇದ್ದಾರೆ. ಇವೆಲ್ಲವನ್ನೂ ನೋಡಿದರೆ, ಈ ಎರಡು ಊರುಗಳ ಮಧ್ಯಮ ವರ್ಗದ ಮನೆಗೆ ನಾನು ಹೇಳುವುದು ಟ್ರಾನ್ಸಿಸ್ಟರಿನ ಸಾಧಾರಣ ಆಂಪ್ಲಿಫೈಯರನ್ನೇ. ಉಳಿದ ಹಣವನ್ನು ಸ್ಪೀಕರಿಗೆ ಹಾಕಿ. ಕಿವಿಗೆ ಗೊತ್ತಾಗುವ ವ್ಯತ್ಯಾಸ ಅಲ್ಲಿದೆ.

ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಕುತೂಹಲಕ್ಕೆಂದು ನೇರವಾಗಿ ಪ್ಲಗ್ಗಿಗೆ ಹಾಕಲೂ ಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪ್ಯಾಸಿಟರುಗಳು ಒಳಗೇ ಒಣಗಿ ಕೆಟ್ಟಿರುತ್ತವೆ. ಕರೆಂಟು ಹರಿದೊಡನೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಸೆಟ್ಟು ಒಮ್ಮೆ ನಡೆದಿದ್ದರೆ ಇನ್ನೊಂದು ಅಪಾಯ: ಪ್ಲಗ್ಗು ಕಿತ್ತ ಮೇಲೂ ಅದೇ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದು, ಜೀವ ತೆಗೆಯಲು ಅದು ಸಾಕು. ವಾಲ್ವಿನ ಕೆಲಸ ಬಲ್ಲ ಹಳೆಯ ರೇಡಿಯೋ ರಿಪೇರಿಯವರಿಂದ ಮೊದಲು ಅವನ್ನು ಬದಲಾಯಿಸಿಕೊಂಡು, ಆಮೇಲೆ ಹಚ್ಚಿ. ವಾಲ್ವುಗಳು ಕಾದು ದನಿ ಬರಲು ಅರ್ಧ ನಿಮಿಷ ಹಿಡಿಯುತ್ತದೆ.