ಝೆನಿಕ್ಸ್: ಮೈಕ್ರೋಸಾಫ್ಟ್‌ನ ಯೂನಿಕ್ಸ್ ಮತ್ತು ಪರವಾನಗಿಯ ಕರಾರುಗಳು

ಝೆನಿಕ್ಸ್ ಎಂಬುದು ಎಟಿ ಅಂಡ್ ಟಿ ಕಂಪನಿಯ ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಏಳನೆಯ ಆವೃತ್ತಿಯನ್ನು ಆಧರಿಸಿ ಮೈಕ್ರೋಸಾಫ್ಟ್ 1980ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಆಪರೇಟಿಂಗ್ ಸಿಸ್ಟಂ. ಡಾಸ್ ಆಪರೇಟಿಂಗ್ ಸಿಸ್ಟಂ ಇನ್ನೂ ಮೈಕ್ರೋಸಾಫ್ಟ್ ಕೈಗೆ ಬಂದಿರಲಿಲ್ಲ. ಏಕಸ್ವಾಮ್ಯ-ವಿರೋಧಿ ಮೊಕದ್ದಮೆಯೊಂದರ 1956ರ ರಾಜಿ ತೀರ್ಪು ಎಟಿ ಅಂಡ್ ಟಿಯನ್ನು ದೂರಸಂಪರ್ಕಕ್ಕೆ ಕಟ್ಟಿಹಾಕಿದ್ದರಿಂದ ಯೂನಿಕ್ಸನ್ನು ಸರಕಾಗಿ ಮಾರುವುದು ಅದಕ್ಕೆ ಸಾಧ್ಯವಿರಲಿಲ್ಲ. ಹಾಗಾಗಿ ಪರವಾನಗಿ ಕೊಡುತ್ತಿತ್ತು, ಹೆಸರನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಮೈಕ್ರೋಸಾಫ್ಟ್ ಬೇರೆ ಹೆಸರಿಡಬೇಕಾಯಿತು. ಅದೂ ನೇರವಾಗಿ ಗ್ರಾಹಕರಿಗೆ ಮಾರದೆ ಕಂಪ್ಯೂಟರ್ ತಯಾರಕರಿಗೆ ಹಕ್ಕು ನೀಡುತ್ತಿತ್ತು.

ಅಗ್ಗದ ಚಿಪ್‌ಗಳ ಮೇಲೆ ಯೂನಿಕ್ಸ್ ಓಡಿಸುವುದು ಸುಲಭದ ಮಾತಾಗಿರಲಿಲ್ಲ. ಹಲವರು ಏಕಕಾಲಕ್ಕೆ ಬಳಸುವ ಯಂತ್ರದಲ್ಲಿ ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಮೆಮೊರಿಗೆ ಕೈಹಾಕದಂತೆ ಹಾರ್ಡ್‌ವೇರ್ ತಡೆಯಬೇಕು. ಇಂಟೆಲ್ 8086ರಲ್ಲಿ ಆ ಸೌಕರ್ಯವೇ ಇರಲಿಲ್ಲ. ತಪ್ಪಿದ ಒಂದು ಪಾಯಿಂಟರ್ ಸಿಸ್ಟಂನ ತಿರುಳಾದ ಕರ್ನಲನ್ನೇ ಕೆಡಿಸಬಹುದಿತ್ತು. ಆಲ್ಟೋಸ್ ಕಂಪನಿ ಇದಕ್ಕಾಗಿ ತನ್ನದೇ ಸರ್ಕ್ಯೂಟ್ ಸೇರಿಸಿತು. 1982ರ 80286 ರಕ್ಷಣೆಯನ್ನೇನೋ ತಂದಿತು, ಆದರೆ ಮೆಮೊರಿಯನ್ನು 64 ಕಿಲೋಬೈಟ್ ಮೀರದ ತುಂಡುಗಳಲ್ಲೇ ನೋಡಬೇಕಿತ್ತು. ಈ ಇಕ್ಕಟ್ಟು ಬಗೆಹರಿದದ್ದು 80386ರಿಂದ. ಮೋಟೊರೋಲಾ 68000 ಇದ್ದ ಟ್ಯಾಂಡಿ ಕಂಪನಿಯ ಯಂತ್ರಗಳು ಝೆನಿಕ್ಸನ್ನು ಸಣ್ಣ ವ್ಯಾಪಾರಿ ಕಚೇರಿಗಳವರೆಗೂ ಒಯ್ದವು. 8086ಕ್ಕೆ ಅದನ್ನು ಹೊಂದಿಸುವ ಕೆಲಸದಲ್ಲಿ ಲ್ಯಾರಿ ಮತ್ತು ಡಗ್ ಮೈಕೆಲ್ಸ್ ಎಂಬ ತಂದೆ-ಮಗ 1979ರಲ್ಲಿ ಕಟ್ಟಿದ ಸಾಂಟಾ ಕ್ರೂಜ್ ಆಪರೇಷನ್ (ಎಸ್‌ಸಿಓ) ಮುಂದಿತ್ತು.

1983ರ ಎಂಎಸ್-ಡಾಸ್ 2.0ರ ಡೈರೆಕ್ಟರಿಗಳ ಮರ, ಪೈಪ್ ಇತ್ಯಾದಿ ಯೂನಿಕ್ಸ್ ಮೂಲದವೇ. ಡಾಸ್ ಬೆಳೆದು ಕ್ರಮೇಣ ಝೆನಿಕ್ಸ್‌ನೊಂದಿಗೆ ಬೆರೆಯಬೇಕೆಂಬುದು ಆಗಿನ ಯೋಜನೆ. ಅದನ್ನು ಕೆಡಿಸಿದ್ದು ತಾಂತ್ರಿಕ ಕೊರತೆಗಿಂತ ಹೆಚ್ಚಾಗಿ ಮಾರುಕಟ್ಟೆಯ ಪಲ್ಲಟ. 1984ರಲ್ಲಿ ವಿಭಜನೆಗೊಂಡು ಹಳೆಯ ನಿರ್ಬಂಧದಿಂದ ಬಿಡುಗಡೆಯಾದ ಎಟಿ ಅಂಡ್ ಟಿ ಸ್ವತಃ ತನ್ನ ಯೂನಿಕ್ಸ್ ಆವೃತ್ತಿಯಾದ ಸಿಸ್ಟಂ ಫೈವ್ ಮಾರಲು ಇಳಿಯಿತು: ಹಕ್ಕುದಾರನೇ ಪ್ರತಿಸ್ಪರ್ಧಿ. ಮರುವರ್ಷ ಮೈಕ್ರೋಸಾಫ್ಟ್ ಐಬಿಎಂ ಜೊತೆ ಸೇರಿ, ಮುಂದೆ ಓಎಸ್/2 ಎನಿಸಿದ ಯೋಜನೆಯತ್ತ ತಿರುಗಿತು. 1987ರಲ್ಲಿ ಷೇರುಗಳಿಗೆ ಬದಲಾಗಿ ಝೆನಿಕ್ಸನ್ನು ಎಸ್‌ಸಿಓಗೆ ಬಿಟ್ಟುಕೊಟ್ಟಿತು.

ಸೋಜಿಗವೆಂದರೆ, ಝೆನಿಕ್ಸ್ ತೆರೆಮರೆಗೆ ಸರಿದರೂ ಅದರ ಕರಾರು ಉಳಿಯಿತು. ಝೆನಿಕ್ಸನ್ನು ಸಿಸ್ಟಂ ಫೈವ್‌ನೊಳಗೆ ಬೆಸೆಯಲು ಎಟಿ ಅಂಡ್ ಟಿ ಜೊತೆ ಮಾಡಿಕೊಂಡ 1987ರ ಒಪ್ಪಂದದಂತೆ ಇಂಟೆಲ್ ಯಂತ್ರಗಳ ಯೂನಿಕ್ಸ್‌ಗೆ ಮೈಕ್ರೋಸಾಫ್ಟ್ ರಾಯಧನ ಪಡೆಯುತ್ತಿತ್ತು. ಎಟಿ ಅಂಡ್ ಟಿಯಿಂದ ನೊವೆಲ್ ಕಂಪನಿಯ ಕೈಸೇರಿದ್ದ ಯೂನಿಕ್ಸ್ ವ್ಯವಹಾರವನ್ನು 1995ರಲ್ಲಿ ಕೊಂಡ ಎಸ್‌ಸಿಓಗೆ ಈ ಹೊರೆಯೂ ಬಂತು. ಹಳತಾದ ಕೋಡ್ ಇಟ್ಟುಕೊಂಡು ಅದಕ್ಕೆ ಹಣ ತೆರಬೇಕೇಕೆಂದು ಅದು ಯುರೋಪಿಯನ್ ಕಮಿಷನ್‌ಗೆ ದೂರಿತು. 1997ರಲ್ಲಿ ಮೈಕ್ರೋಸಾಫ್ಟ್ ಆ ಷರತ್ತನ್ನು ಕೈಬಿಟ್ಟಿತು.