ಲಕ್ಕವಳ್ಳಿಯ ಕಟ್ಟೆಯ ಮೇಲೆ

ತರೀಕೆರೆಯಿಂದ ಲಕ್ಕವಳ್ಳಿಗೆ ಹೋದಾಗಲೆಲ್ಲ ನಾನು ನೀರಿಗಿಂತ ಕಲ್ಲನ್ನೇ ಹೆಚ್ಚು ನೋಡುತ್ತೇನೆ. 1947ರಲ್ಲಿ ಕೆಲಸ ಆರಂಭವಾದ ಭದ್ರಾ ಅಣೆಕಟ್ಟಿನ ಉದ್ದ 1,708 ಮೀಟರು, ಎತ್ತರ ಸುಮಾರು 59. ಆ ದಿನಗಳಲ್ಲಿ ಗಾರೆಯ ಬಾಂಡಲಿ ಹೊತ್ತ ಹೆಣ್ಣಾಳಿಗೆ ಸಿಂಬೆಯೇ ಶಿರಸ್ತ್ರಾಣ. ಪೆಟ್ಟಾದರೆ ಪರಿಹಾರ ಕೊಡಬೇಕೆಂಬ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲೇ ಬಂದಿತ್ತು, ನಿಜ; ಅದು ಬಿದ್ದ ಮೇಲಿನ ಮಾತಾಯಿತು. ಬೀಳದಂತೆ ಸಾರುವೆ ಭದ್ರವಾಗಿರಬೇಕೆಂದು ಕಟ್ಟಡದ ಆಳುಗಳಿಗಾಗಿಯೇ ಕೇಂದ್ರದ ಕಾಯಿದೆ ಹುಟ್ಟಿದ್ದು 1996ರಲ್ಲಿ!

ಅನಂತರ ಅದೇ ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯಲು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗ ಕೊರೆದರು. ಸುರಂಗವೆಂದರೆ, ಸಿಡಿಮದ್ದು ಹಾರಿದ ಮೇಲೆ ಹೊಗೆ ಕಳೆಯಬೇಕು, ಸಡಿಲ ಬಂಡೆಯನ್ನು ಮೀಟಿ ಕೆಡವಬೇಕು. ಆಮೇಲಷ್ಟೇ ಆಳು ಒಳಗೆ. ಕಡೂರು ಸೀಮೆಯ ಹಳೆಯ ಮೇಸ್ತ್ರಿಗಳು ಇಂಥ ಕ್ರಮವನ್ನು ಪುಸ್ತಕದಿಂದ ಕಲಿತವರಲ್ಲ. ಮುಂದಿನವನು ಬಿದ್ದುದನ್ನು ನೋಡಿ ಹಿಂದಿನವನು ಕಲಿತದ್ದು.